ರೈಟ್ ಕ್ಲಿಕ್ ಮಾಡಿದರೆ ಫೋಲ್ಡರ್ ಮುಚ್ಚಿಹೋಗುತ್ತಾ? ಫಾರ್ಮ್ಯಾಟ್‌ಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ನಾನು ತಿಪಟೂರಿನಲ್ಲಿ 16 ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಮದುವೆ ಕರೆಯೋಲೆ, ಕೊಬ್ಬರಿ ಮಂಡಿಯವರ ಬಿಲ್ ಬುಕ್, ಜಾತ್ರೆ ಕರಪತ್ರ, ಶಾಲೆಗಳ ಸ್ಮರಣ ಸಂಚಿಕೆ, ಇಂಥವು. ಕಂಪ್ಯೂಟರ್ ಓದಿದವನಲ್ಲ, ಅದನ್ನು ನಂಬಿ ಬದುಕುವವನು. ಕಳೆದ ವರ್ಷ ನನಗಾದ ಒಂದು ನಷ್ಟ ಬೇರೆ ಯಾರಿಗೂ ಆಗಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ತೊಂದರೆ ಇದು. ಫೋಲ್ಡರ್ ತೆರೆದು ಒಂದು ಫೈಲ್ ಮೇಲೆ ಮೌಸ್‌ನ ಬಲಗಡೆ ಗುಂಡಿ ಒತ್ತುತ್ತೀರಿ. ಕಾಪಿ, ರೀನೇಮ್, ಡಿಲೀಟ್ ಅಂತ ಪಟ್ಟಿ ಬರಬೇಕು. ಬರುವುದಿಲ್ಲ. ನೀಲಿ ಉಂಗುರ ಎರಡು ಸುತ್ತು ತಿರುಗುತ್ತದೆ, ತೆರೆದಿಟ್ಟ ಫೋಲ್ಡರ್‌ಗಳೆಲ್ಲ ಒಟ್ಟಿಗೆ ಮುಚ್ಚಿಹೋಗುತ್ತವೆ, ಡೆಸ್ಕ್‌ಟಾಪ್ ಮೇಲಿನ ಚಿತ್ರಗಳೂ ಕೆಳಗಿನ ಟಾಸ್ಕ್‌ಬಾರ್ ಕೂಡ ಮಾಯ. ಮೂರ್ನಾಲ್ಕು ಸೆಕೆಂಡು ಕಳೆದ ಮೇಲೆ ಟಾಸ್ಕ್‌ಬಾರ್ ವಾಪಸ್ ಬರುತ್ತದೆ. ಫೋಲ್ಡರ್‌ಗಳು ಬರುವುದಿಲ್ಲ. ಮತ್ತೆ ತೆರೆದು ಮತ್ತೆ ಒತ್ತಿದರೆ ಮತ್ತೆ ಅದೇ ಕಥೆ. ದಿನಕ್ಕೆ ನೂರು ಸಲ ರೈಟ್ ಕ್ಲಿಕ್ ಮಾಡುವವನಿಗೆ ಇದು ಕೈ ಕಟ್ಟಿಹಾಕಿದ ಹಾಗೆ.

ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಮೊದಲು ಮೌಸ್ ಬದಲಾಯಿಸಿದರು. ಸರಿಹೋಗಲಿಲ್ಲ. ಆಮೇಲೆ ಅಲ್ಲಿನ ಹುಡುಗ "ವಿಂಡೋಸ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು, ಡಿ ಡ್ರೈವ್ ಮುಟ್ಟಲ್ಲ, ನಿಮ್ಮ ಡೇಟಾ ಎಲ್ಲ ಹಾಗೇ ಇರುತ್ತೆ" ಅಂದ. ನಾನು ಹೂಂ ಅಂದೆ. ಸಂಜೆ ಹೊತ್ತಿಗೆ ಕಂಪ್ಯೂಟರ್ ಹೊಸದರ ಹಾಗೆ ಓಡುತ್ತಿತ್ತು. ಮನೆಗೆ ತಂದು ನೋಡಿದರೆ ಡೆಸ್ಕ್‌ಟಾಪ್ ಮೇಲೆ ಇದ್ದದ್ದು ಒಂದೂ ಇಲ್ಲ.

ಫಾರ್ಮ್ಯಾಟ್‌ನಲ್ಲಿ ಅಳಿಸಿಹೋಗುವುದು ವಿಂಡೋಸ್ ಇರುವ ಸಿ ಡ್ರೈವ್. ಡೆಸ್ಕ್‌ಟಾಪ್ ಅನ್ನುವುದು ಅದೇ ಸಿ ಡ್ರೈವ್‌ನ ಒಳಗಿನ ಒಂದು ಫೋಲ್ಡರ್ ಅಂತ ನನಗೆ ಗೊತ್ತಿರಲಿಲ್ಲ. ಡಾಕ್ಯುಮೆಂಟ್ಸ್ ಕೂಡ ಅಲ್ಲೇ, ಡೌನ್‌ಲೋಡ್ಸ್ ಕೂಡ ಅಲ್ಲೇ. ನನ್ನ ಹಾಗೆ ಗೊತ್ತಿಲ್ಲದವರು ಬಹಳ ಜನ ಇದ್ದಾರೆ, ಯಾಕೆಂದರೆ ಅದು ಕಣ್ಣೆದುರೇ ಇರುತ್ತದಲ್ವಾ, ಯಾವುದೋ ಡ್ರೈವ್‌ನ ಒಳಗಿದೆ ಅಂತ ಅನಿಸುವುದೇ ಇಲ್ಲ.

ಅದರಲ್ಲಿ ಹೋದದ್ದು ಏನು ಅಂತ ಹೇಳಬೇಕು. ನಮ್ಮ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು ಅಕ್ಕಪಕ್ಕದ ಹಳ್ಳಿಗಳಲ್ಲಿ ಹೆಂಗಸರು ಹಾಡುವ ಸೋಬಾನೆ ಪದಗಳನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡಿದ್ದರು. ಪುಸ್ತಕ ಮಾಡೋಣ ಅಂತ ನನಗೆ ಕೊಟ್ಟಿದ್ದರು. ನಾನು ನುಡಿ ಅನ್ನುವ ಕನ್ನಡ ಟೈಪಿಂಗ್ ಪ್ರೋಗ್ರಾಮ್‌ನಲ್ಲಿ ಟೈಪ್ ಮಾಡಿ 140 ಪುಟ ಮಾಡಿದ್ದೆ. ಆಮೇಲೆ ಮೇಷ್ಟ್ರು 11 ಮಧ್ಯಾಹ್ನ ನನ್ನ ಪಕ್ಕದ ಸ್ಟೂಲ್ ಮೇಲೆ ಕೂತು ತಿದ್ದಿಸಿದರು. ಒಂದು ಸಾಲು ಓದುವುದು, ಕಣ್ಣು ಮುಚ್ಚಿ ಗುನುಗುವುದು, "ಇಲ್ಲಿ ಇನ್ನೊಂದು ಸಾಲು ಬರುತ್ತೆ ಇರಪ್ಪ" ಅಂತ ತಮ್ಮ ಸೋದರತ್ತೆಗೆ ಫೋನ್ ಹಚ್ಚುವುದು. ಆ ಅಜ್ಜಿ ಫೋನಿನಲ್ಲೇ ಹಾಡುತ್ತಿದ್ದರು, ನಾನು ಕೇಳಿಸಿಕೊಂಡು ಹಾಕುತ್ತಿದ್ದೆ. ತಿದ್ದಿದ ಫೈಲ್ ಡೆಸ್ಕ್‌ಟಾಪ್ ಮೇಲಿತ್ತು. ಪೆನ್‌ಡ್ರೈವ್‌ನಲ್ಲಿದ್ದದ್ದು ತಿದ್ದದ ಹಳೆಯದು. ಅದನ್ನು ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡವು, ಫಾರ್ಮ್ಯಾಟ್‌ನಲ್ಲಿ ನುಡಿ ಫಾಂಟ್‌ಗಳೂ ಹೋಗಿದ್ದವು. ಫಾಂಟ್ ವಾಪಸ್ ಹಾಕಿಕೊಂಡೆ, ಕನ್ನಡ ಬಂತು. ತಿದ್ದುಪಡಿ ಬರಲಿಲ್ಲ. ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ, ಸುಮ್ನೆ ನೋಟ್ ಪುಸ್ತಕ ಮಡಿಸಿಟ್ಟುಕೊಂಡರು. ಅವರ ಸೋದರತ್ತೆ ಅದಕ್ಕೂ ಮುಂಚೆ ಯುಗಾದಿ ಹೊತ್ತಿಗೇ ತೀರಿಕೊಂಡಿದ್ದರು.

ಇಷ್ಟೆಲ್ಲ ಆಗಿ ಒಂದೇ ವಾರಕ್ಕೆ ರೈಟ್ ಕ್ಲಿಕ್ ಮಾಡಿದರೆ ಮತ್ತೆ ಫೋಲ್ಡರ್ ಮಾಯ.

ಹಾಳಾದ ವಿಂಡೋಸ್ ಅಳಿಸಿ ಹೊಸದು ಹಾಕಿದ ಮೇಲೂ ಅದೇ ತೊಂದರೆ ಅಂದರೆ ಹಾಳಾದದ್ದು ವಿಂಡೋಸ್ ಅಲ್ಲ. ಆ ವಾರದಲ್ಲಿ ನಾನು ನನ್ನ ಕೆಲಸಕ್ಕೆ ಬೇಕಾದ ಪ್ರೋಗ್ರಾಮ್‌ಗಳನ್ನೆಲ್ಲ ಒಂದೊಂದಾಗಿ ವಾಪಸ್ ಹಾಕಿಕೊಂಡಿದ್ದೆ. ತೊಂದರೆ ಅವುಗಳ ಜೊತೆಗೇ ವಾಪಸ್ ಬಂದಿತ್ತು.

ಈ ಸಲ ಅಂಗಡಿಗೆ ಹೋಗಲಿಲ್ಲ. ಮೈಸೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದು ಇದು: "ಮಾವ, ಎಲ್ಲೆಲ್ಲಿ ಒತ್ತಿದರೆ ಹೋಗುತ್ತೆ ನೋಡಿ ಹೇಳಿ. ಫೈಲ್ ಮೇಲಾ, ಫೋಲ್ಡರ್ ಮೇಲಾ, ಖಾಲಿ ಜಾಗದ ಮೇಲಾ?" ನಾನು ಇದನ್ನು ಯೋಚನೆಯೇ ಮಾಡಿರಲಿಲ್ಲ. ಒತ್ತಿ ನೋಡಿದೆ. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಪಟ್ಟಿ ಚೆನ್ನಾಗಿ ಬಂತು. ಫೋಲ್ಡರ್ ಮೇಲೂ ಬಂತು. ಫೈಲ್ ಮೇಲೆ ಒತ್ತಿದಾಗ ಮಾತ್ರ ಎಲ್ಲ ಮಾಯ. ಮೌಸ್ ಮುಟ್ಟದೆ, ಫೈಲ್ ಆರಿಸಿಕೊಂಡು ಕೀಬೋರ್ಡ್‌ನಲ್ಲಿ ಶಿಫ್ಟ್ ಹಿಡಿದು ಎಫ್10 ಒತ್ತಲು ಹೇಳಿದ. ಅದೂ ಅದೇ ಪಟ್ಟಿಯನ್ನು ತರುತ್ತದೆ. ಆಗಲೂ ಮಾಯ. ಅಂದರೆ ಮೌಸ್‌ನದೇನೂ ತಪ್ಪಿಲ್ಲ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ನಾನು ಆಗಲೇ ಹೊಸ ಮೌಸ್‌ಗೆ ದುಡ್ಡು ಕೊಟ್ಟಾಗಿತ್ತು.

ಆಮೇಲೆ ಅವನು ಬಿಡಿಸಿ ಹೇಳಿದ ವಿಷಯ ನನ್ನ ಕಣ್ಣು ತೆರೆಸಿತು, ಅದನ್ನು ನನಗೆ ತಿಳಿದ ಮಾತಿನಲ್ಲಿ ಬರೆಯುತ್ತೇನೆ. ಆ ರೈಟ್ ಕ್ಲಿಕ್ ಪಟ್ಟಿ ಮೈಕ್ರೋಸಾಫ್ಟ್ ಒಬ್ಬರೇ ಮಾಡಿದ್ದಲ್ಲ. 1995ರಲ್ಲಿ ವಿಂಡೋಸ್ 95 ಬಂದಾಗಿನಿಂದಲೇ ಬೇರೆ ಪ್ರೋಗ್ರಾಮ್‌ಗಳಿಗೂ ಆ ಪಟ್ಟಿಯಲ್ಲಿ ತಮ್ಮ ಹೆಸರು ಸೇರಿಸಲು ಅವಕಾಶ ಇದೆ. ಜಿಪ್ ಮಾಡುವ ಪ್ರೋಗ್ರಾಮ್ ಒಂದು ಸಾಲು ಸೇರಿಸುತ್ತದೆ, ಆಂಟಿವೈರಸ್ ಒಂದು ಸಾಲು, ಪಿಡಿಎಫ್ ಪ್ರೋಗ್ರಾಮ್ ಒಂದು ಸಾಲು. ಇವುಗಳಿಗೆ ಶೆಲ್ ಎಕ್ಸ್‌ಟೆನ್ಷನ್ ಅಂತ ಹೆಸರು. ನೀವು ಗುಂಡಿ ಒತ್ತಿದ ತಕ್ಷಣ ಫೋಲ್ಡರ್ ತೋರಿಸುವ ಫೈಲ್ ಎಕ್ಸ್‌ಪ್ಲೋರರ್ ಅನ್ನುವ ಪ್ರೋಗ್ರಾಮ್ ಇವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು "ಈ ಫೈಲ್‌ಗೆ ನಿಮ್ಮದೇನಾದರೂ ಇದೆಯಾ" ಅಂತ ಕೇಳುತ್ತದೆ. ಅವರು ಹೊರಗಡೆ ಜಗಲಿ ಮೇಲೆ ನಿಂತು ಉತ್ತರ ಕೊಟ್ಟಿದ್ದರೆ ತೊಂದರೆ ಇರಲಿಲ್ಲ. ಎಕ್ಸ್‌ಪ್ಲೋರರ್‌ನ ಅಡುಗೆಮನೆಯೊಳಗೇ ಬಂದು ಒಲೆ ಹಚ್ಚುತ್ತಾರೆ. ಅವರಲ್ಲಿ ಒಬ್ಬನ ಕೈತಪ್ಪಿದರೂ ಮನೆಗೇ ಬೆಂಕಿ. ಆ ಮನೆ ಬರೀ ಫೋಲ್ಡರ್ ತೋರಿಸುವ ಮನೆಯಲ್ಲ, ಟಾಸ್ಕ್‌ಬಾರ್, ಡೆಸ್ಕ್‌ಟಾಪ್ ಎರಡನ್ನೂ ನಡೆಸುವುದು ಅದೇ ಎಕ್ಸ್‌ಪ್ಲೋರರ್. ಅದಕ್ಕೇ ಒಂದು ಫೈಲ್ ಮೇಲೆ ಒತ್ತಿದರೆ ಎಲ್ಲವೂ ಒಟ್ಟಿಗೆ ಮಾಯ ಆಗುವುದು.

ಫೈಲ್‌ಗೆ ಸೇರಿಕೊಳ್ಳುವವರು ಬೇರೆ, ಫೋಲ್ಡರ್‌ಗೆ ಸೇರಿಕೊಳ್ಳುವವರು ಬೇರೆ, ಡೆಸ್ಕ್‌ಟಾಪ್‌ನ ಖಾಲಿ ಜಾಗಕ್ಕೆ ಸೇರಿಕೊಳ್ಳುವವರು ಬೇರೆ. ಖಾಲಿ ಜಾಗದಲ್ಲಿ ಒತ್ತಿದಾಗ ಮಾತ್ರ ಮುಚ್ಚಿಹೋದರೆ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಜೊತೆ ಬಂದ ಸಾಲನ್ನು ಮೊದಲು ಅನುಮಾನಿಸಬೇಕಂತೆ. ಒಂದೇ ಜಾತಿಯ ಫೈಲ್ ಮೇಲೆ, ಉದಾಹರಣೆಗೆ ಪಿಡಿಎಫ್ ಮೇಲೆ ಮಾತ್ರ ಆದರೆ, ಆ ಜಾತಿಯ ಫೈಲ್ ತೆರೆಯುವ ಪ್ರೋಗ್ರಾಮನ್ನು. ಅವನು ಮೊದಲು ಆ ಪ್ರಶ್ನೆ ಕೇಳಿದ್ದು ಇದಕ್ಕೇ.

ಕಳ್ಳನ ಹೆಸರನ್ನು ವಿಂಡೋಸ್ ತಾನೇ ಬರೆದಿಟ್ಟಿರುತ್ತದೆ ಅಂದರೆ ನಂಬುತ್ತೀರಾ? ನಾನು ನಂಬಲಿಲ್ಲ. ಸ್ಟಾರ್ಟ್ ಒತ್ತಿ ಈವೆಂಟ್ ವ್ಯೂವರ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ತೆರೆದೆ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಬಲಗಡೆ ಉದ್ದಕ್ಕೆ ಸಾಲು ಸಾಲು. ಅದರಲ್ಲಿ ಕೆಂಪು ಗುರುತಿನ ಎರರ್ ಸಾಲುಗಳಿದ್ದವು, ಸೋರ್ಸ್ ಅನ್ನುವ ಕಡೆ ಅಪ್ಲಿಕೇಶನ್ ಎರರ್, ಈವೆಂಟ್ ಐಡಿ 1000. ಸಮಯ ನೋಡಿದರೆ ನಾನು ಆಗ ತಾನೇ ಒತ್ತಿದ ನಿಮಿಷವೇ. ಅದರ ಮೇಲೆ ಕ್ಲಿಕ್ ಮಾಡಿದೆ, ಕೆಳಗೆ ವಿವರ ಬಂತು. ಫಾಲ್ಟಿಂಗ್ ಅಪ್ಲಿಕೇಶನ್ ನೇಮ್ ಮುಂದೆ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ. ಅದರ ಕೆಳಗಿನ ಸಾಲು ಫಾಲ್ಟಿಂಗ್ ಮಾಡ್ಯೂಲ್ ನೇಮ್, ಅದರ ಮುಂದೆ ಡಿಎಲ್‌ಎಲ್ ಅಂತ ಮುಗಿಯುವ ಒಂದು ಹೆಸರು, ಅಂದರೆ ಯಾವುದೋ ಪ್ರೋಗ್ರಾಮ್‌ನ ಒಂದು ಭಾಗ ಇರುವ ಫೈಲ್. ಇನ್ನೂ ಕೆಳಗೆ ಆ ಡಿಎಲ್‌ಎಲ್ ಯಾವ ಫೋಲ್ಡರ್‌ನಲ್ಲಿದೆ ಅನ್ನುವುದೂ ಇತ್ತು. ನನ್ನ ಹಳೆಯ ಸ್ಕ್ಯಾನರ್ ಜೊತೆ ಸಿಡಿಯಲ್ಲಿ ಬಂದಿದ್ದ, ಚಿತ್ರಗಳನ್ನು ಪಿಡಿಎಫ್ ಮಾಡುವ ಒಂದು ಚಿಕ್ಕ ಪ್ರೋಗ್ರಾಮ್‌ನ ಫೋಲ್ಡರ್ ಅದು. ಒಂದಲ್ಲ, ಹನ್ನೆರಡು ಎರರ್‌ಗಳಲ್ಲೂ ಅದೇ ಹೆಸರು.

ನನಗೆ ಆ ಕ್ಷಣದಲ್ಲಿ ಆದ ಸಂಕಟ ಹೇಳಲು ಬರುವುದಿಲ್ಲ. ಈ ಹೆಸರು ಮೊದಲ ಸಲ ಕೆಟ್ಟಾಗಲೂ ಅಲ್ಲೇ ಇತ್ತು. ಯಾರಾದರೂ ಎರಡು ನಿಮಿಷ ನೋಡಿದ್ದರೆ ಸಾಕಿತ್ತು.

ಎಲ್ಲರಿಗೂ ಇಷ್ಟು ಸುಲಭಕ್ಕೆ ಸಿಗುವುದಿಲ್ಲ, ಅದನ್ನೂ ಹೇಳಬೇಕು. ಕೆಲವು ಸಲ ಆ ಜಾಗದಲ್ಲಿ ಎನ್‌ಟಿಡಿಎಲ್‌ಎಲ್ ಡಾಟ್ ಡಿಎಲ್‌ಎಲ್ ಅಂತ ಇರುತ್ತದೆ, ಅದು ವಿಂಡೋಸ್‌ನದೇ ಫೈಲ್. ಅದನ್ನು ನೋಡಿ ವಿಂಡೋಸೇ ಕೆಟ್ಟಿದೆ ಅಂತ ತೀರ್ಮಾನ ಮಾಡಬಾರದು. ತಪ್ಪು ಮಾಡಿದವನು ಬೇರೆ ಇರುತ್ತಾನೆ, ಎಡವಿ ಬಿದ್ದ ಜಾಗ ಮಾತ್ರ ಅದಾಗಿರುತ್ತದೆ. ಅಂಥ ಹೊತ್ತಿನಲ್ಲಿ ಶೆಲ್‌ಎಕ್ಸ್‌ವ್ಯೂ ಅನ್ನುವ ಪುಟ್ಟ ಪ್ರೋಗ್ರಾಮ್ ಬೇಕಾಗುತ್ತದೆ. ನಿರ್ ಸೋಫರ್ ಅನ್ನುವವರು ಬರೆದು ನಿರ್‌ಸಾಫ್ಟ್ ಅನ್ನುವ ತಮ್ಮ ತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಅಲ್ಲಿಂದಲೇ ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಬೇಡ. 64 ಬಿಟ್ ವಿಂಡೋಸ್ ಇದ್ದರೆ 64 ಬಿಟ್‌ನದೇ ಇಳಿಸಬೇಕು, ಇಲ್ಲದಿದ್ದರೆ ನೀವು ಹುಡುಕುವ ಹೆಸರು ಪಟ್ಟಿಯಲ್ಲೇ ಕಾಣದೆ ಹೋಗಬಹುದು.

ಇಲ್ಲೊಂದು ಪೇಚು ಇದೆ. ಇಂಥ ಪ್ರೋಗ್ರಾಮನ್ನು ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಪೂರ್ತಿ ಅಧಿಕಾರ ಕೊಟ್ಟು ತೆರೆಯಬೇಕು, ಅದಕ್ಕೆ ಎಲ್ಲರೂ ಹೇಳುವುದು "ರೈಟ್ ಕ್ಲಿಕ್ ಮಾಡಿ" ಅಂತ. ನಮಗೆ ಅದೇ ಆಗುವುದಿಲ್ಲವಲ್ಲ! ನನ್ನ ಅಳಿಯ ಹೇಳಿದ ದಾರಿ ಇದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ರನ್ ನ್ಯೂ ಟಾಸ್ಕ್ ತೆರೆದು, ಬ್ರೌಸ್ ಒತ್ತಿ ಶೆಲ್‌ಎಕ್ಸ್‌ವ್ಯೂ ಆರಿಸಿ, ಅಡ್ಮಿನಿಸ್ಟ್ರೇಟಿವ್ ಪ್ರಿವಿಲೆಜಸ್ ಅನ್ನುವ ಚೌಕಕ್ಕೆ ಟಿಕ್ ಹಾಕಿ ಓಕೆ ಕೊಡಬೇಕು. ರೈಟ್ ಕ್ಲಿಕ್ ಬೇಕಾಗುವುದೇ ಇಲ್ಲ. ತೆರೆದ ಮೇಲೆ ದೊಡ್ಡ ಪಟ್ಟಿ ಬರುತ್ತದೆ. ಮೈಕ್ರೋಸಾಫ್ಟ್‌ನವಲ್ಲದ ಸಾಲುಗಳು ಗುಲಾಬಿ ಬಣ್ಣದಲ್ಲಿರುತ್ತವೆ. ಟೈಪ್ ಅನ್ನುವ ಕಾಲಮ್‌ನಲ್ಲಿ ಕಾಂಟೆಕ್ಸ್ಟ್ ಮೆನು ಅಂತ ಇರುವ ಗುಲಾಬಿ ಸಾಲುಗಳು ಮಾತ್ರ ನಮಗೆ ಬೇಕಾದವು, ಮೈಕ್ರೋಸಾಫ್ಟ್‌ನವನ್ನು ಮುಟ್ಟಬೇಡಿ. ಸಾಲು ಆರಿಸಿ ಎಫ್7 ಒತ್ತಿದರೆ ಅದು ನಿಷ್ಕ್ರಿಯ, ಎಫ್8 ಒತ್ತಿದರೆ ವಾಪಸ್ ಚಾಲೂ. ಏನೂ ಅಳಿಸಿಹೋಗುವುದಿಲ್ಲ, ಹಾಗಾಗಿ ಭಯ ಬೇಡ. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಅನ್ನುವ ಸಾಲು ಆರಿಸಿ ರೀಸ್ಟಾರ್ಟ್ ಒತ್ತಿ, ಮತ್ತೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ನೋಡಬೇಕು.

ಯಾವುದು ಅಂತ ಗೊತ್ತಿಲ್ಲದಿದ್ದರೆ ಗುಲಾಬಿಯವನ್ನೆಲ್ಲ ನಿಲ್ಲಿಸಿ. ಸರಿಹೋಯಿತಾ? ಹಾಗಾದರೆ ಅರ್ಧವನ್ನು ಚಾಲೂ ಮಾಡಿ. ಕೆಟ್ಟರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಕೆಡದಿದ್ದರೆ ಇನ್ನೊಂದು ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ 16 ಸಾಲುಗಳಿದ್ದರೂ ನಾಲ್ಕೇ ಸಲಕ್ಕೆ ಸಿಕ್ಕಿಬಿಡುತ್ತದೆ. ನನಗೆ ಹೆಸರು ಮೊದಲೇ ಗೊತ್ತಿತ್ತು, ಆ ಒಂದು ಸಾಲು ಆರಿಸಿ ಎಫ್7 ಒತ್ತಿದೆ. ಮುಗಿಯಿತು. ಫೋನ್ ಮಾಡಿದಾಗಿನಿಂದ ಲೆಕ್ಕ ಹಾಕಿದರೆ 40 ನಿಮಿಷ. ಸ್ಕ್ಯಾನರ್ ಇವತ್ತಿಗೂ ಓಡುತ್ತಿದೆ, ರೈಟ್ ಕ್ಲಿಕ್ ಪಟ್ಟಿಯಲ್ಲಿ ಅದರ ಸಾಲು ಮಾತ್ರ ಇಲ್ಲ. ಆ ಸಾಲನ್ನು ನಾನು ಒಂದು ದಿನವೂ ಬಳಸಿದವನಲ್ಲ.

ವಿಂಡೋಸ್ 11 ಇರುವವರಿಗೆ ಒಂದು ಮಾತು. ಅದರಲ್ಲಿ ಮೊದಲು ಬರುವ ಪಟ್ಟಿ ಚಿಕ್ಕದು, ಹಳೆಯ ಉದ್ದದ ಪಟ್ಟಿ ಶೋ ಮೋರ್ ಆಪ್ಷನ್ಸ್ ಒಳಗಿದೆ. ಹಳೆಯ ಪ್ರೋಗ್ರಾಮ್‌ಗಳ ಸಾಲುಗಳು ಬರುವುದು ಆ ಒಳಗಿನ ಪಟ್ಟಿಯಲ್ಲಿ. ಚಿಕ್ಕ ಪಟ್ಟಿ ಸರಿಯಾಗಿ ಬಂದು ಅಲ್ಲಿ ಒತ್ತಿದಾಗ ಮುಚ್ಚಿಹೋದರೂ ಹುಡುಕುವ ದಾರಿ ಇದೇ.

ಎಲ್ಲ ಗುಲಾಬಿ ಸಾಲು ನಿಲ್ಲಿಸಿದರೂ ಸರಿಹೋಗದಿದ್ದರೆ ಆಗ ವಿಂಡೋಸ್ ಮೇಲೆ ಅನುಮಾನ ಪಡಬಹುದು. ಆಗಲೂ ಫಾರ್ಮ್ಯಾಟ್ ಅಲ್ಲ. ಕಮಾಂಡ್ ಪ್ರಾಂಪ್ಟ್ ಅನ್ನುವ, ಆದೇಶ ಟೈಪ್ ಮಾಡುವ ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ, ಒಂದು ಸ್ಪೇಸ್, ಸ್ಲ್ಯಾಶ್, ಸ್ಕ್ಯಾನ್‌ನೌ (sfc /scannow) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ವಿಂಡೋಸ್ ತನ್ನ ಫೈಲ್‌ಗಳನ್ನು ತಾನೇ ಪರೀಕ್ಷೆ ಮಾಡಿ ಕೆಟ್ಟದ್ದನ್ನು ಸರಿಮಾಡಿಕೊಳ್ಳುತ್ತದೆ. ಇನ್ನೊಂದು ಯೂಸರ್ ಅಕೌಂಟ್ ತೆರೆದು ಅಲ್ಲಿ ರೈಟ್ ಕ್ಲಿಕ್ ಮಾಡಿ ನೋಡಬಹುದು, ಅಲ್ಲಿ ಚೆನ್ನಾಗಿದ್ದರೆ ಕೆಟ್ಟಿರುವುದು ನಿಮ್ಮ ಅಕೌಂಟ್‌ನ ಸೆಟ್ಟಿಂಗ್ ಮಾತ್ರ.

ಇದಕ್ಕೆಲ್ಲ ಮೊದಲು ಮಾಡಬೇಕಾದ್ದು ಫೈಲ್‌ಗಳನ್ನು ಉಳಿಸಿಕೊಳ್ಳುವುದು. ರೈಟ್ ಕ್ಲಿಕ್ ಇಲ್ಲದೆ ಕಾಪಿ ಮಾಡಲಾಗದು ಅಂತ ನಾನು ಅಂಗಡಿಯಲ್ಲಿ ಕೈಚೆಲ್ಲಿ ಕೂತಿದ್ದೆ. ಆಗುತ್ತದೆ. ಕಂಟ್ರೋಲ್ ಸಿ ಕಾಪಿಗೆ, ಕಂಟ್ರೋಲ್ ವಿ ಪೇಸ್ಟ್‌ಗೆ, ಎಫ್2 ಹೆಸರು ಬದಲಾಯಿಸಲು, ಆಲ್ಟ್ ಎಂಟರ್ ಪ್ರಾಪರ್ಟೀಸ್ ನೋಡಲು. ಇವು ಯಾವುವಕ್ಕೂ ಆ ಪಟ್ಟಿ ಬೇಡ. ಸಿ ಡ್ರೈವ್‌ನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಅದರೊಳಗೇ. ಕೆಲವು ಕಂಪ್ಯೂಟರ್‌ಗಳಲ್ಲಿ ಇವು ಅದೇ ಫೋಲ್ಡರ್‌ನ ಒಳಗೆ ಒನ್‌ಡ್ರೈವ್ ಅನ್ನುವುದರಲ್ಲಿರುತ್ತವೆ, ಅದನ್ನೂ ನೋಡಿ. ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಕನ್ನಡದಲ್ಲಿ ಕೆಲಸ ಮಾಡುವವರು ನುಡಿ, ಬರಹ ಅನ್ನುವ ಟೈಪಿಂಗ್ ಪ್ರೋಗ್ರಾಮ್‌ಗಳ ಹಳೆಯ ಫಾಂಟ್‌ಗಳನ್ನೂ ಮರೆಯದೆ ತೆಗೆದಿಟ್ಟುಕೊಳ್ಳಿ.

ಅಂಗಡಿಯವರ ಮೇಲೆ ನನಗೆ ಸಿಟ್ಟು ಈಗ ಉಳಿದಿಲ್ಲ. ಆ ಹುಡುಗ ಮೋಸಗಾರನಲ್ಲ. ಫಾರ್ಮ್ಯಾಟ್ ಅಂದರೆ ಇಷ್ಟು ಹೊತ್ತು, ಇಷ್ಟು ದುಡ್ಡು ಅಂತ ಲೆಕ್ಕ ಇರುತ್ತದೆ. ಹುಡುಕುವ ಕೆಲಸ ಹತ್ತು ನಿಮಿಷವೂ ಆಗಬಹುದು, ಮಧ್ಯಾಹ್ನವೆಲ್ಲ ಹಿಡಿಯಬಹುದು. ಹುಡುಕಿ ಒಂದು ಎಫ್7 ಒತ್ತಿ ಕೊಟ್ಟರೆ "ಇಷ್ಟಕ್ಕೇ 500 ರೂಪಾಯಾ" ಅಂತ ಕೇಳುವ ಗಿರಾಕಿಗಳು ನಾವೇ. ಹಾಗಾಗಿ ನನ್ನ ಕೋರಿಕೆ ಎರಡೂ ಕಡೆಯವರಿಗೆ. ಅಂಗಡಿಯವರು ಫಾರ್ಮ್ಯಾಟ್ ಮಾಡುವ ಮೊದಲು ಈವೆಂಟ್ ವ್ಯೂವರ್ ತೆರೆದು ಆ ಒಂದು ಸಾಲು ಓದಲಿ, ಡೆಸ್ಕ್‌ಟಾಪ್ ತೋರಿಸಿ "ಇದೆಲ್ಲ ಹೋಗುತ್ತೆ, ತೆಗೆದಿಡಲಾ" ಅಂತ ಬಾಯಿಬಿಟ್ಟು ಕೇಳಲಿ. ಗಿರಾಕಿಗಳು ಹುಡುಕಿ ಕೊಟ್ಟದ್ದಕ್ಕೆ ಫಾರ್ಮ್ಯಾಟ್‌ನಷ್ಟೇ ದುಡ್ಡು ಕೊಡಲಿ. ನಾನು ಎರಡರಷ್ಟು ಕೊಡುತ್ತಿದ್ದೆ.

ಇದನ್ನು ಈಗಲೇ ಹೇಳಲು ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ ನಿಲ್ಲಿಸಿದೆ. ಆವಾಗಿನಿಂದ ಏನು ಕೆಟ್ಟರೂ "10 ಹಳೆಯದಾಯ್ತು, 11 ಹಾಕಿಸಿ" ಅನ್ನುವ ಮಾತು ನಮ್ಮ ಕಡೆ ಜಾಸ್ತಿ ಕೇಳುತ್ತಿದೆ. 11 ಹಾಕಿಸುವುದು ಒಳ್ಳೆಯದೇ, ಸೆಕ್ಯೂರಿಟಿಗೆ ಬೇಕು. ಆದರೆ ರೈಟ್ ಕ್ಲಿಕ್ ತೊಂದರೆಗೆ ಅದು ಮದ್ದಲ್ಲ. ಇದ್ದದ್ದನ್ನು ಹಾಗೇ ಅಪ್‌ಗ್ರೇಡ್ ಮಾಡಿದರೆ ಹಳೆಯ ಪ್ರೋಗ್ರಾಮ್ ಕೂಡ ಜೊತೆಗೇ ಬರುತ್ತದೆ, ಹೊಸದಾಗಿ ಹಾಕಿದರೆ ಒಂದು ವಾರಕ್ಕೆ ನೀವೇ ಅದನ್ನು ವಾಪಸ್ ಹಾಕಿಕೊಳ್ಳುತ್ತೀರಿ, ನಾನು ಮಾಡಿದ ಹಾಗೆ.

ಮೇಷ್ಟ್ರು ಈಗ ಮತ್ತೆ ಬರುತ್ತಿದ್ದಾರೆ. ನುಡಿ ಫಾಂಟ್ ಇಲ್ಲದಿದ್ದರೂ ಕನ್ನಡವೇ ಕಾಣುವ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡುತ್ತಿದ್ದೇನೆ, 60 ಪುಟ ಆಗಿದೆ, ದಿನಾ ಸಂಜೆ ಎರಡು ಕಡೆ ಕಾಪಿ ಇಡುತ್ತೇನೆ. ಅಜ್ಜಿ ಫೋನಿನಲ್ಲಿ ಹಾಡಿದ ಸಾಲುಗಳಲ್ಲಿ ಕೆಲವು ಮೇಷ್ಟ್ರಿಗೂ ನೆನಪಿಗೆ ಬರುತ್ತಿಲ್ಲ, ನನಗೂ ಬರುತ್ತಿಲ್ಲ. ಆ ಜಾಗದಲ್ಲಿ ಚುಕ್ಕೆ ಹಾಕಿ ಬಿಟ್ಟಿದ್ದೇವೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೇಳಿಕೆ. ವಾರಕ್ಕೊಮ್ಮೆ ಅರ್ಧ ಕಾಲಂ ಇಂಥ ರಿಪೇರಿ ವಿಷಯಕ್ಕೆ ಕೊಡಿ. ಕೊಡುವಾಗ ಪರದೆಯ ಮೇಲೆ ಕಾಣುವ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಸಿ. ಕನ್ನಡದಲ್ಲಿ ಇಂಥ ಲೇಖನ ಅಪರೂಪಕ್ಕೆ ಸಿಕ್ಕಾಗ ಅದರಲ್ಲಿ "ಘಟನಾ ವೀಕ್ಷಕ", "ಸಂದರ್ಭ ಪರಿವಿಡಿ" ಅಂತೆಲ್ಲ ಇರುತ್ತದೆ, ಓದಿ ಕಂಪ್ಯೂಟರ್ ಮುಂದೆ ಕೂತರೆ ಅದು ಎಲ್ಲಿದೆ ಅಂತಲೇ ಸಿಗುವುದಿಲ್ಲ. ನಮ್ಮ ಕಡೆ ಅಂಗಡಿ, ಕಚೇರಿ, ಶಾಲೆಗಳಲ್ಲಿ ನಾನು ನೋಡಿದ ಕಂಪ್ಯೂಟರ್‌ಗಳ ಪರದೆಯೆಲ್ಲ ಇಂಗ್ಲಿಷಿನದೇ. ಫಾಲ್ಟಿಂಗ್ ಮಾಡ್ಯೂಲ್ ನೇಮ್ ಅಂತ ಬರೆದರೆ ಓದಿದವನು ಬೆರಳಿಟ್ಟು ಹುಡುಕಿಕೊಳ್ಳುತ್ತಾನೆ.

ಈ ಪತ್ರ ಉದ್ದವಾಯಿತು ಅಂತ ಕತ್ತರಿಸಬೇಕಾದರೆ ನನ್ನ ಕಥೆಯನ್ನು ಕತ್ತರಿಸಿ. ಕಂಟ್ರೋಲ್ ಸಿ ಇಂದ ಕಾಪಿ ಆಗುತ್ತದೆ ಅನ್ನುವುದನ್ನು, ಈವೆಂಟ್ ಐಡಿ 1000 ಅನ್ನುವುದನ್ನು, ಎಫ್7 ಅನ್ನುವುದನ್ನು ದಯವಿಟ್ಟು ಬಿಡಬೇಡಿ.

ಇಂತಿ,
ಒಬ್ಬ ಡಿಟಿಪಿ ಕೆಲಸಗಾರ
ತಿಪಟೂರು